ಜೋಡಿಗಲ್ಲು

ಆ ಊರಿಗೆ ದಾರಿ ಕೇಳಿಕೊಂಡು ಹೋದವರಿಲ್ಲ. ಅಲ್ಲಿರುವವರೆಲ್ಲ ಅಲ್ಲಿಯೇ ಹುಟ್ಟಿದವರು, ಇಲ್ಲವೇ ಯಾವಾಗ ಬಂದೆವೆಂಬುದನ್ನು ಮರೆತವರು. ಊರಿನ ಪಕ್ಕದಲ್ಲಿ ಒಂದು ಹೊಳೆ; ಹೊಳೆಗೆ ಎರಡು ದಡ. ಈ ದಡದ ಗುಡ್ಡದಲ್ಲಿ ಕರಿಯ ಕಲ್ಲು ಸಿಗುತ್ತಿತ್ತು, ಆ ದಡದ ಗುಡ್ಡದಲ್ಲಿ ಕೆಂಪು ಕಲ್ಲು. ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಆ ಕಟ್ಟಳೆ ಈ ಎರಡು ಕಲ್ಲುಗಳದ್ದು.

ಇಬ್ಬರು ಜೊತೆಯಾಗಿ ಬಾಳುತ್ತೇವೆಂದು ನಿಶ್ಚಯಿಸಿದ ದಿನ ಊರು ಅವರಿಗೆ ಅಂಗೈಯಗಲದ ಎರಡು ಕಲ್ಲುಗಳನ್ನು ಕೊಡುತ್ತಿತ್ತು. ಒಬ್ಬರಿಗೆ ಕರಿಯದು, ಒಬ್ಬರಿಗೆ ಕೆಂಪು. ಮರುದಿನದಿಂದ ಅವರು ಪ್ರತಿ ಬೆಳಗ್ಗೆ ಎದುರುಬದುರು ಕುಳಿತು, ಕರಿಯ ಕಲ್ಲನ್ನು ಕೆಳಗಿಟ್ಟು, ಕೆಂಪು ಕಲ್ಲನ್ನು ಅದರ ಮೇಲಿಟ್ಟು, ಇಬ್ಬರೂ ಕೈಹಚ್ಚಿ ಸರಿಸಬೇಕು. ಹೋಗಿ ಬಂದರೆ ಒಂದು ಸಲ. ಹಾಗೆ ಹನ್ನೆರಡು ಸಲ. ಹನ್ನೆರಡು ಸಲ ಆದ ಮೇಲೆಯೇ ಒಲೆ ಹೊತ್ತಬೇಕು, ಬಾಗಿಲು ತೆರೆಯಬೇಕು, ಮಾತು ಹೊರಗೆ ಹೋಗಬೇಕು.

ವರ್ಷಕ್ಕೊಮ್ಮೆ, ಹೊಳೆಯ ನೀರು ತಿಳಿಯಾದಾಗ, ನೋಟದ ದಿನ ಬರುತ್ತಿತ್ತು. ಅಂದು ಜೊತೆಗಳೆಲ್ಲ ತಮ್ಮ ಕಲ್ಲುಗಳನ್ನು ತೊಳೆದು, ಒರೆಸಿ, ಬಿಳಿಯ ಬಟ್ಟೆಯಲ್ಲಿ ಸುತ್ತಿ ನೋಟದ ಮನೆಗೆ ತರಬೇಕು. ಅಲ್ಲಿ ನೋಡುವವಳು ಮಸೂರ ಹಿಡಿದು ನೋಡಿ ಎರಡು ಮಾತುಗಳಲ್ಲಿ ಒಂದನ್ನು ಹೇಳಬೇಕು. ‘ಸವೆದಿಲ್ಲ’ ಎಂದರೆ ಆ ಜೊತೆ ಮನೆಗೆ ಹೋಗುತ್ತದೆ. ‘ಸವೆದಿದೆ’ ಎಂದರೆ ಒಬ್ಬರು ಈ ದಡದಲ್ಲಿ ಉಳಿಯುತ್ತಾರೆ, ಇನ್ನೊಬ್ಬರು ದೋಣಿ ಹತ್ತಿ ಆ ದಡಕ್ಕೆ ಹೋಗುತ್ತಾರೆ. ತಮ್ಮ ತಮ್ಮ ಕಲ್ಲನ್ನು ತಮ್ಮ ತಮ್ಮ ದಡದಿಂದ ಹೊಳೆಗೆ ಎಸೆಯುತ್ತಾರೆ. ಆ ದಡದಲ್ಲಿ ಇದ್ದವೆಲ್ಲ ಒಂಟಿ ಬಾಗಿಲಿನ ಸಣ್ಣ ಮನೆಗಳು. ಬೆಳಗ್ಗೆ ಅಲ್ಲಿಂದ ಯಾವ ಸದ್ದೂ ಬರುತ್ತಿರಲಿಲ್ಲ.

ಇದಕ್ಕೆಲ್ಲ ಒಂದು ಕಥೆಯಿತ್ತು. ಊರಿನ ಮೊದಲ ಜೊತೆ ನೂರು ವರ್ಷ ಬಾಳಿತು. ನೂರು ವರ್ಷವೂ ಕಲ್ಲು ಸರಿಸಿತು. ದಿನಕ್ಕೆ ಮೂರು ಸಲ ಕಲ್ಲು ತೊಳೆಯಿತು. ನೂರು ವರ್ಷದಲ್ಲಿ ಒಂದು ಕಣವೂ ಉದುರಲಿಲ್ಲ. ಅವರ ಕಲ್ಲುಗಳು ಇಂದಿಗೂ ಚಾವಡಿಯ ಗಂಧದ ಪೆಟ್ಟಿಗೆಯಲ್ಲಿ ಕನ್ನಡಿಯಂತೆ ಹೊಳೆಯುತ್ತಿವೆ. ನೋಟದ ದಿನ ಊರಿನ ಕಥೆಗಾರರಾದ ವಾಚಕರು ಈ ಕಥೆಯನ್ನು ಕಣ್ಣುಮುಚ್ಚಿ ಹೇಳುತ್ತಿದ್ದರು. ಜನ ಕಣ್ಣು ತೆರೆದು ಕೇಳುತ್ತಿದ್ದರು.

ನೋಡುವವಳು ಮಾತ್ರ ಕೇಳುವಾಗ ಪ್ರತಿ ವಾಕ್ಯದ ತುದಿಗೆ ಮನಸ್ಸಿನಲ್ಲಿಯೇ ಒಂದು ‘ಅಂತೆ’ಯನ್ನು ಸೇರಿಸಿಕೊಳ್ಳುತ್ತಿದ್ದಳು. ಬಾಳಿತಂತೆ. ಸರಿಸಿತಂತೆ. ಉದುರಲಿಲ್ಲವಂತೆ. ಅದು ಅಗೌರವವಲ್ಲ. ತಾನು ಕಾಣದ್ದಕ್ಕೆ ಅವಳು ಸಲ್ಲಿಸುತ್ತಿದ್ದ ಮರ್ಯಾದೆ, ಅಷ್ಟೇ.

ಊರಿನವರು ಅವಳನ್ನು ನೋಟದಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಜೊತೆಯಿರಲಿಲ್ಲ, ನೋಡುವವರಿಗೆ ಕಲ್ಲು ಕೊಡುವ ಪದ್ಧತಿಯಿಲ್ಲ. ಆದರೆ ಅವಳು ಒಂಟಿಯೂ ಆಗಿರಲಿಲ್ಲ. ನೋಟದ ಮನೆಗೆ ಅಂಟಿಕೊಂಡಂತೆ, ಒಂದೇ ಗೋಡೆಯ ಆಚೆಗೆ, ಸಾಣೆಯಜ್ಜ ಮತ್ತು ಬತ್ತಿಯಜ್ಜಿ ಇದ್ದರು. ಸಾಣೆಯಜ್ಜ ಊರಿನ ಕತ್ತಿ ಕುಡುಗೋಲುಗಳಿಗೆ ಸಾಣೆ ಹಿಡಿಯುವವನು. ಬತ್ತಿಯಜ್ಜಿ ಊರಿನ ದೀಪಗಳಿಗೆ ಹತ್ತಿಯ ಬತ್ತಿ ಹೊಸೆಯುವವಳು. ಊರಿನ ಜೊತೆಗಳಲ್ಲೆಲ್ಲ ಹಿರಿಯ ಜೊತೆ ಅವರದು. ನಡುಗೋಡೆಯಲ್ಲಿ ಒಂದು ಕಿಂಡಿಯಿತ್ತು. ನೋಡುವವಳು ಕಲಿಯಲೆಂದು ಈ ಮನೆಗೆ ಬಂದ ಮೊದಲ ಬೆಳಗ್ಗೆಯೇ ಆ ಕಿಂಡಿಯಿಂದ ಒಂದು ಕೈ ಬಂದಿತ್ತು. ಕೈಯಲ್ಲಿ ಬಿಸಿ ರೊಟ್ಟಿ ಇತ್ತು. “ಯಾರು ಕೂಸೇ ನೀನು? ಯಾರಾದರೇನು, ತಿನ್ನು,” ಎಂದು ಒಂದು ದನಿ ಹೇಳಿತ್ತು. ಅಂದಿನಿಂದ ರೊಟ್ಟಿ ಒಂದು ದಿನವೂ ತಪ್ಪಿರಲಿಲ್ಲ.

ರೊಟ್ಟಿಗಿಂತ ಮೊದಲು ಕಿಂಡಿಯಿಂದ ಇನ್ನೊಂದು ಬರುತ್ತಿತ್ತು. ಕಲ್ಲಿನ ಮೇಲೆ ಕಲ್ಲು ಸರಿಯುವ ಸದ್ದು, ಅದರ ಹಿಂದೆಯೇ ಜಗಳ.

“ಹನ್ನೆರಡಾಯಿತು, ಏಳು,” ಎನ್ನುತ್ತಿದ್ದ ಅಜ್ಜ.

“ಎಲ್ಲಿ ಆಯಿತು? ಹನ್ನೊಂದು.”

“ನನಗೆ ಎಣಿಸೋಕೆ ಬರಲ್ವೇನೇ?”

“ಬರತ್ತೆ, ಬರತ್ತೆ. ನಿಮಗೆ ಎಲ್ಲವೂ ಒಂದು ಮುಂಚೆಯೇ ಮುಗಿಯತ್ತೆ. ಹಿಡೀರಿ ಕಲ್ಲು.”

ಆಮೇಲೆ ಇನ್ನೊಂದು ಸಲದ ಸದ್ದು. ಆಮೇಲೆ ಒಲೆಯ ಸದ್ದು. ಗೋಡೆಯ ಈಚೆ ನೋಡುವವಳು ಎಣಿಸುತ್ತಿದ್ದಳು. ಅಜ್ಜ ಹೇಳಿದ್ದೇ ಸರಿ. ಆ ಇನ್ನೊಂದು ಪ್ರತಿ ದಿನವೂ ಹದಿಮೂರನೆಯದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಆ ಮನೆಯಲ್ಲಿ ಬೆಳಗಿನ ಜಗಳಕ್ಕೆ ಕಾರಣವೇ ಇಲ್ಲವಾಗುತ್ತಿತ್ತು.

ಅವಳಿಗಿಂತ ಮೊದಲು ನೋಡುತ್ತಿದ್ದವನ ಮಸೂರ ಮಂಜಾಗಿತ್ತು. ಕೂದಲೆಳೆಯಷ್ಟು ಆಳದ ಗೀರು ಬಿದ್ದರೆ ಮಾತ್ರ ಅದರಲ್ಲಿ ಕಾಣುತ್ತಿತ್ತು. ಆದ್ದರಿಂದ ಬಹುಪಾಲು ಜೊತೆಗಳು ‘ಸವೆದಿಲ್ಲ’ ಎಂಬ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಮರಳುತ್ತಿದ್ದವು. ನೋಡುವವಳಿಗೆ ಅಷ್ಟು ಸಾಲದಾಯಿತು. ಹೊಳೆಯ ಮರಳನ್ನು ಕಾಯಿಸಿ ಮಾಡಿದ ಒಂದು ಗಾಜಿನ ಗಟ್ಟಿಯನ್ನು ತಂದು ಅವಳು ಏಳು ವರ್ಷ ತಿಕ್ಕಿದಳು. ಮೊದಲು ಮರಳಿನಲ್ಲಿ, ಆಮೇಲೆ ನುಣುಪು ಮಣ್ಣಿನಲ್ಲಿ, ಕೊನೆಗೆ ಬೂದಿಯಲ್ಲಿ. ತಿಕ್ಕಿದಷ್ಟೂ ಗಾಜು ಚಿಕ್ಕದಾಯಿತು. ಚಿಕ್ಕದಾದಷ್ಟೂ ಲೋಕ ದೊಡ್ಡದಾಗಿ ಕಂಡಿತು.

ವಾಚಕರಿಗೆ ಅದನ್ನು ತೋರಿಸಿದಾಗ ಅವರ ಮುಖ ಅರಳಿತ್ತು. “ಒಳ್ಳೆಯದಾಯಿತು ತಾಯಿ. ಸವೆಯದ್ದು ಇನ್ನೂ ಚೆನ್ನಾಗಿ ಸವೆಯದೆ ಕಾಣುತ್ತದೆ,” ಎಂದಿದ್ದರು. ವಾಚಕರು ಒಳ್ಳೆಯವರು. ಒಂಟಿಯಾಗಿದ್ದರು. ನಲವತ್ತು ವರ್ಷಗಳ ಹಿಂದೆ, ಹಳೆಯ ಮಸೂರದಲ್ಲೇ, ಅವರ ಕಲ್ಲುಗಳ ಮೇಲೆ ಗೀರು ಕಂಡಿತ್ತು. ಅವರ ಹೆಂಡತಿ ಆ ದಡಕ್ಕೆ ಹೋದವಳು ಅಲ್ಲಿಯೇ ಇದ್ದಳು. ಅವರು ಆಮೇಲೆ ಹೊಳೆಯ ಕಡೆ ಬೆನ್ನು ಮಾಡಿಯೇ ಕುಳಿತುಕೊಳ್ಳುತ್ತಿದ್ದರು.

ಹೊಸ ಮಸೂರ ಸಿದ್ಧವಾದ ವರ್ಷದ ನೋಟದ ದಿನ ಬಂತು. ಹಿರಿಯ ಜೊತೆ ಮೊದಲು ಬರಬೇಕೆಂಬುದು ಪದ್ಧತಿ. ಸಾಣೆಯಜ್ಜ ತಲೆಗೆ ವಸ್ತ್ರ ಸುತ್ತಿ ಬಂದ. ಬತ್ತಿಯಜ್ಜಿ ಕಲ್ಲುಗಳನ್ನು ಬಿಳಿಯ ಬಟ್ಟೆಯಲ್ಲಲ್ಲ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಳು.

“ಬೇಗ ನೋಡು ಕೂಸೇ, ಹತ್ತಿ ಬಿಸಿಲಿಗೆ ಹಾಕಿ ಬಂದಿದ್ದೀನಿ,” ಎಂದಳು.

ನೋಡುವವಳು ಕಲ್ಲುಗಳನ್ನು ಕಿಟಕಿಯ ಬೆಳಕಿಗೆ ಇಟ್ಟು ಹೊಸ ಮಸೂರವನ್ನು ಹಿಡಿದಳು.

ಬರಿಗಣ್ಣಿಗೆ ಬಯಲಿನಂತಿದ್ದ ಕಲ್ಲು ಮಸೂರದ ಕೆಳಗೆ ಒಂದು ನಾಡಾಯಿತು. ಅಲ್ಲಿ ಗುಡ್ಡಗಳಿದ್ದವು, ಕಣಿವೆಗಳಿದ್ದವು, ಕಣಿವೆಗಿಳಿಯುವ ಇಳಿಜಾರುಗಳಿದ್ದವು. ಕಲ್ಲಿನ ಮೇಲೆ ಕಲ್ಲು ಕೂರುತ್ತದೆಂದು ಅವಳು ಇಷ್ಟು ದಿನ ತಿಳಿದದ್ದು ತಪ್ಪು. ಈ ಕಲ್ಲಿನ ಗುಡ್ಡದ ತುದಿ ಆ ಕಲ್ಲಿನ ಗುಡ್ಡದ ತುದಿಯ ಮೇಲೆ ನಿಲ್ಲುತ್ತಿತ್ತು, ಅಷ್ಟೆ. ಅಂಗೈಯಗಲದ ಎರಡು ಕಲ್ಲುಗಳು ಒಂದನ್ನೊಂದು ನಿಜವಾಗಿ ಮುಟ್ಟುತ್ತಿದ್ದದ್ದು ಅಲ್ಲಲ್ಲಿ, ಚುಕ್ಕೆ ಚುಕ್ಕೆಯಾಗಿ. ಉಳಿದೆಡೆಯೆಲ್ಲ ನಡುವೆ ಗಾಳಿ. ಮುಟ್ಟಿದ ತುದಿಗಳು ಮಾತ್ರ ಹೊಳೆಯುತ್ತಿದ್ದವು. ಮತ್ತು ಆ ತುದಿಗಳು ತಗ್ಗಿದ್ದವು. ಮುರಿದಿದ್ದವು. ಸರಿದ ದಿಕ್ಕಿಗೆ ಉದ್ದಕ್ಕೂ, ಉತ್ತ ಹೊಲದ ಸಾಲಿನಂತೆ, ಸಾವಿರಾರು ಸಣ್ಣ ಗೆರೆಗಳು ಓಡಿದ್ದವು.

ಅವಳು ಮಸೂರವನ್ನು ಒರೆಸಿ ಮತ್ತೆ ಹಿಡಿದಳು.

“ಏನು ಕೂಸೇ?” ಎಂದಳು ಅಜ್ಜಿ.

“ಬಿಸಿಲು ಸರಿಯಾಗಿಲ್ಲ ಅಜ್ಜೀ. ಇನ್ನೊಮ್ಮೆ ನೋಡಬೇಕು.”

“ಬಿಸಿಲಿಗೇನಾಗಿದೆ?” ಎಂದ ಅಜ್ಜ, ಹೊರಗೆ ಧಗಧಗಿಸುತ್ತಿದ್ದ ಬಿಸಿಲನ್ನು ನೋಡಿ. ಅಜ್ಜಿ ಅವನ ಕೈ ಚಿವುಟಿದಳು. ಐವತ್ತು ವರ್ಷ ಒಬ್ಬನ ಜೊತೆ ಬಾಳಿದವಳಿಗೆ ಯಾವಾಗ ಸುಮ್ಮನಿರಬೇಕೆಂಬುದು ತಿಳಿದಿತ್ತು.

ನೋಡುವವಳು ಬಾಗಿಲಿಗೆ ಬಂದು, ಈ ವರ್ಷ ಎಲ್ಲ ಕಲ್ಲುಗಳನ್ನೂ ಒಟ್ಟಿಗೆ ನೋಡಿ ಮೂರನೆಯ ದಿನ ಚಾವಡಿಯಲ್ಲಿ ಮಾತು ಹೇಳುವೆನೆಂದಳು. ಜನ ಗೊಣಗಿದರು, ಆದರೂ ಬಟ್ಟೆಯ ಗಂಟುಗಳನ್ನು ಇಟ್ಟು ಹೋದರು. ಸಂಜೆಯವರೆಗೆ ಅವಳು ನೋಡಿದಳು. ಮಡಕೆ ಮಾಡುವವಳೂ ಅವಳ ಗಂಡನೂ ಜೊತೆಯಾಗಿ ಒಂದೇ ವರ್ಷವಾಗಿತ್ತು. ಅವರ ಕಲ್ಲೂ ತಗ್ಗಿತ್ತು. ದೋಣಿ ನಡೆಸುವವನದು, ಬಣ್ಣ ಹಾಕುವವಳದು, ಜೇನು ಬಿಡಿಸುವವನದು, ಸರಿದದ್ದೆಲ್ಲ ತಗ್ಗಿತ್ತು. ತಗ್ಗದ ಒಂದೇ ಒಂದು ಕಲ್ಲು ಊರಿನಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ತಗ್ಗಿದ್ದು ಗೋಡೆಯಾಚೆಯ ಹಿರಿಯ ಜೊತೆಯ ಕಲ್ಲು. ದಿನಕ್ಕೊಂದು ಹದಿಮೂರನೆಯ ಸಲ ಐವತ್ತು ವರ್ಷದಲ್ಲಿ ಸಣ್ಣದಾಗಿರಲಿಲ್ಲ.

ನೋಡುವವಳು ಈ ಮನೆಗೆ ಬಂದ ದಿನ ಒಂದು ಮಾತು ಕೊಟ್ಟಿದ್ದಳು: ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಹೇಳಿದರೆ ಬೆಳಗ್ಗೆ ಕಿಂಡಿಯಿಂದ ಕೈ ಬರುವುದಿಲ್ಲ. ಆ ಕೈ ಆ ದಡದಲ್ಲಿರುತ್ತದೆ; ಜಗಳವಾಡುವ ದನಿ ಈ ದಡದಲ್ಲಿ ಸುಮ್ಮನಿರುತ್ತದೆ.

ಎರಡನೆಯ ದಿನ ಬೆಳಗ್ಗೆ ಗೋಡೆಯಾಚೆ ಸದ್ದಿರಲಿಲ್ಲ; ಕಲ್ಲುಗಳು ಅವಳ ಬಳಿಯೇ ಇದ್ದವಲ್ಲ. ರೊಟ್ಟಿ ಮಾತ್ರ ಬಂತು. ಅವಳು ರೊಟ್ಟಿ ಹಿಡಿದುಕೊಂಡೇ ಆಚೆ ಮನೆಗೆ ಹೋದಳು. ಬತ್ತಿಯಜ್ಜಿ ಮಂಡಿಯ ಮೇಲೆ ಹತ್ತಿಯಿಟ್ಟು ಅಂಗೈಯಿಂದ ಹೊಸೆಯುತ್ತಿದ್ದಳು. ಅಜ್ಜ ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದ.

“ಅಜ್ಜೀ, ನೀವು ಕಲ್ಲನ್ನು ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ?”

ಅಜ್ಜಿ ಅಜ್ಜನ ಮುಖ ನೋಡಿದಳು. ಅಜ್ಜ ಕುಡುಗೋಲಿನ ಮುಖ ನೋಡಿದ.

“ನಿಜ ಹೇಳಲಾ?”

“ನಿಜವೇ ಹೇಳಿ.”

“ಒಂದು ಸಲವೂ ಇಲ್ಲ. ನೀರು ಹೊತ್ತು ತರೋಳು ನಾನು, ಪಾತ್ರೆ ತೊಳೆಯೋಳು ನಾನು, ಕಲ್ಲೂ ನಾನೇ ತೊಳೀಬೇಕಾ? ಇವರನ್ನ ತೊಳೀರಿ ಅಂದರೆ ಇವರು ತೊಳೀತಾರಾ? ಸರಿಸಿದ್ದು ಹಾಗೇ ಸೆರಗಲ್ಲಿ ಸುತ್ತಿ ಗೂಡಲ್ಲಿ ಇಡ್ತೀನಿ. ಪುಡಿ ಬಿದ್ದರೆ ಬೀಳಲಿ, ಅದೂ ನಮ್ಮದೇ ಅಲ್ಲವಾ?”

“ನೋಡು, ತಪ್ಪು ತನ್ನದು, ಬೈಗುಳ ನನಗೆ,” ಎಂದ ಅಜ್ಜ.

“ನಿಮಗಲ್ಲದೆ ಇನ್ನಾರಿಗೆ ಬೈಯಲಿ? ಐವತ್ತು ವರ್ಷ ನಿಮ್ಮ ಹಿಂದೆ ಜೀವ ತೇದಿದ್ದೀನಿ.”

“ನೀನೊಬ್ಬಳೇ ತೇದೆಯಾ? ನಾನೇನು ಗೂಡಲ್ಲಿ ಕೂತಿದ್ದೆನಾ? ನಾನೂ ತೇದೆ.”

“ಹೌದು ಬಿಡಿ. ನೀವೂ ತೇದಿರಿ,” ಎಂದಳು ಅಜ್ಜಿ, ಇದ್ದಕ್ಕಿದ್ದಂತೆ ಮೆತ್ತಗಾಗಿ. ಆಮೇಲೆ ಹತ್ತಿಯ ಎಳೆಯನ್ನು ನೋಡುತ್ತ ಕೇಳಿದಳು: “ಕೂಸೇ, ಸವೆದಿದೆ ಅಂತ ಬಂದರೆ ನಾನೇ ದೋಣಿ ಹತ್ತುತೀನಿ. ಇವರಿಗೆ ನೀರಿನ ಮೇಲೆ ತಲೆ ತಿರುಗತ್ತೆ. ಒಂದು ಕೇಳ್ತೀನಿ, ಇವರಿಗೆ ಸಂಜೆ ಕಣ್ಣು ಮಂಜು. ಕತ್ತಿಗೆ ಕೈ ಕೊಟ್ಟುಕೊಳ್ತಾರೆ. ಕಿಂಡಿಯಿಂದ ಸ್ವಲ್ಪ ನೋಡಿಕೋತೀಯಾ?”

ಸಾಣೆಯ ಸದ್ದು ನಿಂತಿತು. ಅಜ್ಜ ಕುಡುಗೋಲನ್ನು ಒಮ್ಮೆ ತಿರುಗಿಸಿ, ಹರಿತವಾಗಿದ್ದ ಕಡೆಗೇ ಮತ್ತೆ ಸಾಣೆ ಹಿಡಿದ.

ನೋಡುವವಳು ಮನೆಗೆ ಬಂದು ಆ ಕಲ್ಲುಗಳನ್ನು ಮತ್ತೊಮ್ಮೆ ಬೆಳಕಿಗಿಟ್ಟಳು. ಮೊದಲ ದಿನ ಅವಳು ಹೋದದ್ದನ್ನು ಮಾತ್ರ ನೋಡಿದ್ದಳು. ಈಗ, ಹೋದದ್ದು ಎಲ್ಲಿಗೆ ಹೋಯಿತೆಂದು ನೋಡಿದಳು.

ಕರಿಯ ಕಲ್ಲಿನ ಕಣಿವೆಗಳಲ್ಲಿ ಕೆಂಪು ಇತ್ತು. ಕೆಂಪು ಕಲ್ಲಿನ ಕಣಿವೆಗಳಲ್ಲಿ ಕರಿದು ಇತ್ತು. ಒಂದರ ಗುಡ್ಡದಿಂದ ಮುರಿದು ಬಿದ್ದದ್ದು ಇನ್ನೊಂದರ ತಗ್ಗಿನಲ್ಲಿ ತುಂಬಿಕೊಂಡು, ದಿನವೂ ಒತ್ತಿಸಿಕೊಂಡು, ಅಲ್ಲಿಯದೇ ಆಗಿ ಕುಳಿತಿತ್ತು. ಎರಡರ ಮೇಲೂ ತೆಳ್ಳಗೆ ಒಂದು ಪದರ ಹರಡಿತ್ತು. ಅದರ ಬಣ್ಣ ಕರಿದೂ ಅಲ್ಲ, ಕೆಂಪೂ ಅಲ್ಲ. ತೇದ ಗಂಧದ ಬಣ್ಣ. ಅದು ಯಾವ ಗುಡ್ಡದಿಂದಲೂ ಬಂದದ್ದಲ್ಲ. ಈ ಎರಡು ಕಲ್ಲುಗಳ ನಡುವೆ ಹುಟ್ಟಿದ್ದು. ಆ ಪದರ ಹರಡಿದ ಕಡೆ ಹೊಸ ಗೆರೆ ಒಂದೂ ಬಿದ್ದಿರಲಿಲ್ಲ. ಹಳೆಯ ಗೆರೆಗಳೆಲ್ಲ ಎಳೆಯ ದಿನಗಳದ್ದು.

ಅವಳು ಬೇರೆಯವರ ಗಂಟುಗಳನ್ನು ಮತ್ತೆ ಬಿಚ್ಚಿದಳು. ಹೆಚ್ಚು ತೊಳೆದ ಕಲ್ಲುಗಳಲ್ಲಿ ಗೆರೆಗಳು ಇನ್ನೂ ಹಸಿಯಾಗಿದ್ದವು. ಅಲ್ಲಿ ನಡುವೆ ಏನೂ ಉಳಿದಿರಲಿಲ್ಲ; ಪ್ರತಿ ಬೆಳಗ್ಗೆ ಬರಿಯ ಗುಡ್ಡ ಬರಿಯ ಗುಡ್ಡಕ್ಕೆ ಹಾಯುತ್ತಿತ್ತು.

ಮಧ್ಯಾಹ್ನ ಅವಳು ವಾಚಕರ ಬಳಿಗೆ ಹೋದಳು. ಅವರು ಎಂದಿನಂತೆ ಹೊಳೆಗೆ ಬೆನ್ನು ಮಾಡಿ ಕುಳಿತಿದ್ದರು. ಅವಳು ಕಂಡದ್ದನ್ನು ಹೇಳಿದಳು. ಅವರು ದನಿ ತಗ್ಗಿಸಿದರು.

“ತಾಯಿ, ಹಳೆಯ ಮಸೂರ ಇನ್ನೂ ಇದೆಯಲ್ಲ? ನಾಳೆ ಅದರಲ್ಲಿ ನೋಡು. ಅದರಲ್ಲಿ ಕಂಡದ್ದನ್ನೇ ಹೇಳು. ಅದೂ ಸುಳ್ಳಲ್ಲ.”

“ಹೊಸದರಲ್ಲಿ ನೋಡಿಯಾಗಿದೆ ವಾಚಕರೇ. ಕಂಡ ಮೇಲೆ ಕಾಣದಂತೆ ಇರುವುದು ನನಗೆ ಬರುವುದಿಲ್ಲ. ಮೊದಲ ಜೊತೆಯ ಕಲ್ಲುಗಳನ್ನು ನಾನೊಮ್ಮೆ ನೋಡಬೇಕು.”

ಗಂಧದ ಪೆಟ್ಟಿಗೆಯನ್ನು ಯಾರೂ ಹತ್ತಿರದಿಂದ ನೋಡಿರಲಿಲ್ಲ. ವಾಚಕರು ಎದ್ದರು. ತಡೆಯಬಹುದಿತ್ತು, ತಡೆಯದೆ ಪೆಟ್ಟಿಗೆ ತೆರೆದುಕೊಟ್ಟರು. ನಲವತ್ತು ವರ್ಷ ಆ ಕಥೆಯನ್ನು ಆತುಕೊಂಡೇ ಬದುಕಿದ ಮನುಷ್ಯನಿಗೆ ಅದು ಎಷ್ಟು ಗಟ್ಟಿಯೆಂದು ತಿಳಿಯುವ ಆಸೆಯೂ ಇದ್ದಿರಬೇಕು.

ಕಲ್ಲುಗಳು ನಿಜಕ್ಕೂ ಕನ್ನಡಿಯಂತಿದ್ದವು. ನೋಡುವವಳು ಮಸೂರ ಹಿಡಿದಳು. ಗುಡ್ಡಗಳ ತುದಿಗಳೆಲ್ಲ ಇದ್ದಂತೆಯೇ ಇದ್ದವು. ಒಂದು ಕಣವೂ ಉದುರಿರಲಿಲ್ಲ. ಅಷ್ಟರಮಟ್ಟಿಗೆ ಕಥೆ ನಿಜ. ಆದರೆ ಕಲ್ಲುಗಳ ಮೇಲೆ, ಅಗಲಕ್ಕೆ ಅಡ್ಡಡ್ಡವಾಗಿ, ಬಹಳ ನವಿರಾದ ಗೆರೆಗಳಿದ್ದವು. ಅವು ಕಲ್ಲನ್ನು ಮೊದಲು ನಯ ಮಾಡಿದವನ ಕೈಯ ಗೆರೆಗಳು. ಜೋಡಿಗಲ್ಲು ಸರಿಯುವುದು ಉದ್ದಕ್ಕೆ. ಉದ್ದಕ್ಕೆ ಸರಿದ ಕಲ್ಲಿನಲ್ಲಿ ಆ ಅಡ್ಡಗೆರೆಗಳು ಮೊದಲ ಕೆಲವು ದಿನಗಳಲ್ಲಿಯೇ ಅಳಿಸಿಹೋಗುತ್ತವೆ. ಮಡಕೆ ಮಾಡುವವಳ ಒಂದು ವರ್ಷದ ಕಲ್ಲಿನಲ್ಲಿ ಅವುಗಳ ಗುರುತೂ ಇರಲಿಲ್ಲ.

ಅವಳು ಮಸೂರವನ್ನು ಕೆಳಗಿಟ್ಟಳು.

“ವಾಚಕರೇ, ಇವು ಸರಿದಿಲ್ಲ.”

“ಸವೆದಿಲ್ಲ.”

“ಸವೆದಿಲ್ಲ, ಹೌದು. ಸರಿದೂ ಇಲ್ಲ.”

“ಒಂದು ಸಲವೂ?”

“ಒಂದು ಸಲವೂ. ಮೊದಲ ಜೊತೆ ಇತ್ತೋ ಇಲ್ಲವೋ, ನಾನು ಕಂಡವಳಲ್ಲ. ಈ ಎರಡು ಕಲ್ಲುಗಳು ಮಾತ್ರ ಒಂದನ್ನೊಂದು ಮುಟ್ಟಿಲ್ಲ.”

ವಾಚಕರು ಮಸೂರ ತೆಗೆದುಕೊಂಡು ತಾವೂ ನೋಡಿ, ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡು ನಿಂತರು. ಆಮೇಲೆ, ಕೇಳಬಾರದ್ದನ್ನು ಕೇಳುವವರಂತೆ ಕೇಳಿದರು: “ನಮ್ಮ ಕಲ್ಲಿನ ಮೇಲೆ ಅಷ್ಟು ಬೇಗ ಗೀರು ಏಕೆ ಬಿತ್ತು ತಾಯಿ? ನಾವು ಜಗಳವಾಡಿದವರಲ್ಲ.”

ನೋಡುವವಳಿಗೆ ಉತ್ತರ ಗೊತ್ತಿತ್ತು. ಹೇಳಲು ಇಷ್ಟವಿರಲಿಲ್ಲ. “ನೀವು ತೊಳೆಯುತ್ತಿದ್ದಿರಾ?” ಎಂದಳು.

“ದಿನಕ್ಕೆ ಮೂರು ಸಲ. ಕಥೆಯಲ್ಲಿ ಇದ್ದಂತೆ. ನಾನು ನೀರು ಹಾಕುತ್ತಿದ್ದೆ, ಅವಳು ಒರೆಸುತ್ತಿದ್ದಳು. ಒಂದು ಕಣ ಪುಡಿಯನ್ನೂ ಬಿಡುತ್ತಿರಲಿಲ್ಲ. ಊರಿನಲ್ಲಿ ನಮ್ಮಷ್ಟು ಚೊಕ್ಕಟವಾಗಿ ಯಾರೂ...” ಅವರ ಮಾತು ಅಲ್ಲಿಗೆ ನಿಂತಿತು. ನೋಡುವವಳ ಮುಖ ನೋಡಿದರು. ಅವಳು ಕಲ್ಲುಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

ಮೂರನೆಯ ದಿನ ಊರೆಲ್ಲ ಚಾವಡಿಯಲ್ಲಿ ನೆರೆಯಿತು. ಹೊಳೆಯಲ್ಲಿ ದೋಣಿ ಕಾಯುತ್ತಿತ್ತು. ಬತ್ತಿಯಜ್ಜಿ ಒಂದು ಸಣ್ಣ ಗಂಟು ಕಟ್ಟಿಕೊಂಡು ಬಂದಿದ್ದಳು. ಅದರಲ್ಲಿ ಹತ್ತಿ ಇತ್ತು, ಒಂದು ಸೀರೆ ಇತ್ತು.  ಸಾಣೆಯಜ್ಜ ಆ ಗಂಟನ್ನು ಅವಳ ಕೈಯಿಂದ ಕಸಿದು ತನ್ನ ಕಂಕುಳಲ್ಲಿ ಇಟ್ಟುಕೊಂಡ. “ಭಾರ,” ಎಂದ. ಅದು ಭಾರವಿರಲಿಲ್ಲ.

ನೋಡುವವಳು ಹಿರಿಯ ಜೊತೆಯ ಕಲ್ಲುಗಳನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದಳು.

“ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಈ ಕಲ್ಲುಗಳು ಮೊದಲಿನಷ್ಟಿಲ್ಲ. ಊರಿನಲ್ಲಿ ಯಾರ ಕಲ್ಲೂ ಮೊದಲಿನಷ್ಟಿಲ್ಲ. ಇವರದು ಎಲ್ಲರಿಗಿಂತ ಹೆಚ್ಚು ತಗ್ಗಿದೆ.”

ಅಜ್ಜಿ ದೋಣಿಯ ಕಡೆ ನೋಡಿದಳು.

“ಅಂದರೆ ಸವೆದಿದೆ,” ಎಂದ ದೋಣಿ ನಡೆಸುವವನು, ಹಗ್ಗ ಹಿಡಿದು ನಿಂತವನು.

“ಅಲ್ಲ. ಸವೆದಿದೆ ಎಂಬ ಮಾತು ಇದಕ್ಕೆ ಒಪ್ಪುವುದಿಲ್ಲ. ಕಾಲಿನ ಮೆಟ್ಟು ಸವೆಯುತ್ತದೆ. ಸವೆದದ್ದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು, ಯಾರಿಗೂ ಬೇಡ. ಗಂಧದ ಕೊರಡೂ ದಿನದಿನಕ್ಕೆ ಚಿಕ್ಕದಾಗುತ್ತದೆ. ಅದನ್ನು ಸವೆಯಿತು ಎನ್ನುತ್ತೇವೆಯೇ? ತೇದೆವು ಎನ್ನುತ್ತೇವೆ. ಇವರ ಕರಿಯ ಕಲ್ಲಿನಿಂದ ಹೋದದ್ದು ಕೆಂಪಿನಲ್ಲಿದೆ. ಕೆಂಪಿನಿಂದ ಹೋದದ್ದು ಕರಿಯದರಲ್ಲಿದೆ. ನಾನು ಹೇಳುವ ಮಾತು ಇದು: ತೇದಿವೆ.”

“ಹಾಗೊಂದು ಮಾತು ಕಟ್ಟಳೆಯಲ್ಲಿ ಇಲ್ಲವಲ್ಲ ನೋಟದಮ್ಮ. ಇರುವುದೇ ಎರಡು,” ಎಂದ ಜೇನು ಬಿಡಿಸುವವನು.

“ಕಟ್ಟಳೆಯಲ್ಲಿ ಇಲ್ಲ. ಅಜ್ಜಿಯ ಬಾಯಲ್ಲಿತ್ತು. ನಿಮ್ಮೆಲ್ಲರ ಬಾಯಲ್ಲೂ ಇದೆ. ಮಸೂರ ಇಲ್ಲಿದೆ; ಒಬ್ಬೊಬ್ಬರೇ ಬಂದು ನೋಡಿ.”

ಯಾರೂ ಏಳಲಿಲ್ಲ. ಊರಿನವರ ಕಣ್ಣು ವಾಚಕರ ಮೇಲಿತ್ತು. ಕಥೆ ಹೇಳುವವರು ಹೇಳಿದರೆ ಮಾತ್ರ ಅವರಿಗೆ ನೋಡಲು ಧೈರ್ಯ.

ವಾಚಕರು ಎದ್ದರು. ಗಂಧದ ಪೆಟ್ಟಿಗೆಯನ್ನು ತಂದು ಎಲ್ಲರ ನಡುವೆ ಇಟ್ಟು, ಮುಚ್ಚಳ ತೆರೆದರು. ಎಂದಿನ ರಾಗದಲ್ಲಿ ಕಥೆಯನ್ನು ಆರಂಭಿಸಿದರು. ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ.

“ಊರಿನ ಮೊದಲ ಜೊತೆ ನೂರು ವರ್ಷ ಬಾಳಿತು,” ಎಂದರು. ಒಂದು ಕ್ಷಣ ತಡೆದರು. “ಬಾಳಿತಂತೆ. ನೂರು ವರ್ಷವೂ ಕಲ್ಲು ಸರಿಸಿತಂತೆ. ದಿನಕ್ಕೆ ಮೂರು ಸಲ ತೊಳೆಯಿತಂತೆ. ಒಂದು ಕಣವೂ ಉದುರಲಿಲ್ಲವಂತೆ.”

ನೋಡುವವಳು ತಲೆ ಎತ್ತಿದಳು. ಅವಳು ಇಷ್ಟು ವರ್ಷ ಮನಸ್ಸಿನೊಳಗೆ ಇಟ್ಟುಕೊಂಡಿದ್ದ ಆ ಸಣ್ಣ ಮಾತು ಇನ್ನೊಬ್ಬರ ಬಾಯಿಂದ, ರಾಗದಲ್ಲಿ, ಹೊರಗೆ ಬಂದಿತ್ತು. ಅದಕ್ಕೆ ಅಷ್ಟು ಭಾರವಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

“ನೋಟದಮ್ಮ ನೋಡಿದ್ದಾಳೆ, ನಾನೂ ನೋಡಿದೆ,” ಎಂದರು ವಾಚಕರು. “ಈ ಕಲ್ಲುಗಳು ಸವೆದಿಲ್ಲ. ಏಕೆಂದರೆ ಇವು ಒಮ್ಮೆಯೂ ಸೇರಿಲ್ಲ. ಬನ್ನಿ, ನೋಡಿ.”

ಆಗ ಮಡಕೆ ಮಾಡುವವಳು ಎದ್ದು ಬಂದಳು. ಅವಳ ಹಿಂದೆ ಇನ್ನೊಬ್ಬರು. ಮಧ್ಯಾಹ್ನದವರೆಗೆ ಸಾಲು ಕರಗಲಿಲ್ಲ. ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಒಬ್ಬೊಬ್ಬರೂ ಆ ಗುಡ್ಡ ಕಣಿವೆಗಳನ್ನು ನೋಡಿದರು. “ಅಯ್ಯೋ, ನಿನ್ನ ಕೆಂಪು ನನ್ನಲ್ಲಿ ಕೂತಿದೆ ನೋಡು,” ಎಂದು ಬಣ್ಣ ಹಾಕುವವಳು ಗಂಡನಿಗೆ ಹೇಳಿದಳು. “ಕೇಳದೆ ತೆಗೆದುಕೊಂಡಿದ್ದೀಯ, ವಾಪಸು ಕೊಡು,” ಎಂದ ಅವನು.

ಮಡಕೆ ಮಾಡುವವಳು ಮಾತ್ರ ನೋಡುವವಳ ಬಳಿ ನಿಂತು ಮೆಲ್ಲಗೆ ಕೇಳಿದಳು: “ನಿಜವಾಗಿ ಬೇರೆಯಾಗಬೇಕು ಅನ್ನುವವರೂ ಇರುತ್ತಾರಲ್ಲ ನೋಟದಮ್ಮ? ಅವರದು?”

“ಅದನ್ನು ಕಲ್ಲನ್ನು ಕೇಳಬಾರದು. ಅವರನ್ನೇ ಕೇಳಬೇಕು.”

ಬತ್ತಿಯಜ್ಜಿ ತಾನೂ ಮಸೂರಕ್ಕೆ ಕಣ್ಣಿಟ್ಟಳು. “ನೀವು ಹಿರಿಯ ಜೊತೆ ಸರಿ, ಆದರೂ ಇಷ್ಟೊಂದು ತೇದದ್ದು ಹೇಗೆ?” ಎಂದು ಯಾರೋ ಕೇಳಿದರು. ನೋಡುವವಳಿಗೆ ಇನ್ನು ಮುಚ್ಚಿಡುವ ಹಾದಿ ಇರಲಿಲ್ಲ. ಕಂಡದ್ದನ್ನು ಕಂಡಂತೆ ಎಂದ ಮೇಲೆ ಕೇಳಿದ್ದನ್ನೂ ಕೇಳಿದಂತೆ ಹೇಳಬೇಕಾಗುತ್ತದೆ.

“ಅಜ್ಜಿ ಪ್ರತಿ ದಿನ ಒಂದು ಮರೆಯುತ್ತಾರೆ. ಹನ್ನೆರಡಾದಾಗ ಹನ್ನೊಂದು ಎನ್ನುತ್ತಾರೆ. ಅದಕ್ಕೆ ಹದಿಮೂರು.”

ಅಜ್ಜ ಚಾವಡಿಯ ಕಂಬ ಕಂಪಿಸುವಂತೆ ನಕ್ಕ. “ಕೇಳಿಸಿತಾ? ಐವತ್ತು ವರ್ಷ! ಐವತ್ತು ವರ್ಷ ನಾನು ಹೇಳಿದ್ದೇ ಸರಿ!”

ಬತ್ತಿಯಜ್ಜಿ ಮಸೂರದಿಂದ ಕಣ್ಣು ತೆಗೆಯಲಿಲ್ಲ. “ಮರೆಯೋಕೆ ನಾನೇನು ಎಣಿಸೋಕೆ ಬಾರದವಳಾ?” ಎಂದಳು. “ಹನ್ನೆರಡು ಆಗಿಬಿಟ್ಟರೆ ಎದ್ದು ಹೋಗ್ತೀರಲ್ಲ, ಅದಕ್ಕೆ.”

ಅಜ್ಜನ ನಗು ನಡುವೆಯೇ ನಿಂತುಹೋಯಿತು. ಅವನು ಕಂಕುಳ ಗಂಟನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು ಬೇರೆ ಕಡೆ ನೋಡಿದ.

ಜನ ಚದುರಿದ ಮೇಲೆ ವಾಚಕರು ನೋಡುವವಳ ಬಳಿಗೆ ಬಂದರು. ಪಂಚೆಯ ಮಡಿಕೆಯಿಂದ ಏನನ್ನೋ ತೆಗೆದು ಅಂಗೈಯಲ್ಲಿ ತೋರಿಸಿದರು. ಅದು ಒಂದು ಕರಿಯ ಕಲ್ಲು. ಅದರ ಮೇಲೆ ಬರಿಗಣ್ಣಿಗೇ ಕಾಣುವ ಗೀರು.

“ಅಂದು ಎಸೆಯಲಿಲ್ಲ ತಾಯಿ. ಬೇರೆ ಯಾವುದೋ ಕಲ್ಲನ್ನು ಎಸೆದೆ. ಕಥೆ ಹೇಳುವವನು ಕಟ್ಟಳೆ ಮುರಿದೆ ಎಂದು ನಲವತ್ತು ವರ್ಷ ಹೊಳೆಗೆ ಮುಖ ತೋರಿಸಲಿಲ್ಲ.” ಸ್ವಲ್ಪ ಹೊತ್ತು ಕಲ್ಲನ್ನು ನೋಡಿದರು. “ಅವಳು ತನ್ನದನ್ನು ಎಸೆದಿರುತ್ತಾಳೆ. ಅವಳು ನನಗಿಂತ ನಿಯಮದವಳು. ಇಷ್ಟು ಒಣಗಿದ್ದು ಮತ್ತೆ ಕೂಡುತ್ತದೆಯೇ?”

“ನನಗೆ ತಿಳಿಯದು ವಾಚಕರೇ. ನೋಡಿದ ಹೊರತು ನಾನು ಹೇಳುವುದಿಲ್ಲ.”

“ಹಾಗಾದರೆ ನೋಡುತ್ತೇನೆ,” ಎಂದು ಅವರು ಹೊಳೆಯ ಕಡೆ ತಿರುಗಿದರು. ಆ ಮುಖವನ್ನು ಹೊಳೆ ನಲವತ್ತು ವರ್ಷಗಳ ಮೇಲೆ ನೋಡಿತು. ದೋಣಿ ಕಾದೇ ಇತ್ತು. ಆ ವರ್ಷ ಅದನ್ನು ಹತ್ತಿದವರು ಅವರೊಬ್ಬರೇ.

ಮರುದಿನ ಬೆಳಗ್ಗೆ ನೋಡುವವಳು ಬೇಗನೆ ಎದ್ದು ಹೊಳೆಯ ಮೆಟ್ಟಿಲಿಗೆ ಬಂದು ಕುಳಿತಳು. ಗಾಳಿಯಿರಲಿಲ್ಲ, ನೀರು ತಿಳಿಯಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಅವಳ ಹಿಂದೆ, ಊರಿನೊಳಗೆ, ಮನೆಮನೆಯಲ್ಲಿ ಕಲ್ಲುಗಳು ಸರಿಯತೊಡಗಿದವು. ಅವಳು ಅವನ್ನು ಕೇಳಲಿಲ್ಲ. ಆ ದಡದ ಒಂಟಿ ಬಾಗಿಲುಗಳ ಕಡೆಗೆ ಕಿವಿಯಿಟ್ಟಳು. ಅಲ್ಲಿ ಬಹಳ ಹೊತ್ತು ಏನೂ ಇರಲಿಲ್ಲ. ಊರಿನ ಒಲೆಗಳು ಹೊತ್ತಿಕೊಂಡವು. ಹೊಗೆ ಏರಿತು. ರೊಟ್ಟಿ ಆರುತ್ತದೆಂದು ಕಿಂಡಿಯ ಕಡೆಯಿಂದ ಯಾರೋ ಕೂಗಿದರು.

ಆಗ ನೀರಿನ ಮೇಲೆ ತೇಲಿಕೊಂಡು ಬಂತು: ಕಲ್ಲಿನ ಮೇಲೆ ಕಲ್ಲು. ಒರಟಾಗಿ, ಅಳುಕುತ್ತ, ಒಮ್ಮೆ. ಹೋಗಿ, ಬಂದು, ಒಂದು. ಆಮೇಲೆ ಇನ್ನೊಂದು. ಎಸೆಯದೆ ಉಳಿದದ್ದು ಒಂದೇ ಕಲ್ಲಲ್ಲ ಎಂದಾಯಿತು.

ನೋಡುವವಳು ಎಣಿಸಿದಳು. ಹತ್ತು. ಹನ್ನೊಂದು. ಹನ್ನೆರಡು. ಸದ್ದು ನಿಂತಿತು.

ಅವಳು ಏಳಲಿಲ್ಲ. ಆ ದಡದಲ್ಲಿ ಎರಡು ದನಿಗಳು ಏನೋ ಮಾತಾಡಿಕೊಂಡಂತಾಯಿತು. ಮಾತು ಕೇಳಿಸಲಿಲ್ಲ, ಒಪ್ಪಿಗೆಯಿಲ್ಲವೆಂಬುದು ಮಾತ್ರ ಕೇಳಿಸಿತು.

ಆಮೇಲೆ, ಹದಿಮೂರು.